‘ಲಾಗ್ ಇನ್’ ಎಂಬ ಕ್ರಿಯಾಪದವನ್ನು ಬೇರಿನಿಂದ ಅರಿಯುವ ಬಗೆ

ಬ್ಯಾಂಕಿನ ಆ್ಯಪ್ ತೆರೆಯುವಾಗ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವಾಗ, ಕಚೇರಿಯ ಕಂಪ್ಯೂಟರಿನ ಮುಂದೆ ಕೂರುವಾಗ ನಾವು ದಿನಕ್ಕೆ ಹತ್ತಾರು ಸಲ ಎದುರುಗೊಳ್ಳುವ ಇಂಗ್ಲಿಷ್ ಮಾತು ‘ಲಾಗ್ ಇನ್’. ಈಗ ಅದು ಕಂಪ್ಯೂಟರಿನ ಆಚೆಗೂ ಹಬ್ಬಿದೆ. ಸಾಲ ಕೊಡಿಸುವ ಏಜೆಂಟರು ಅರ್ಜಿಯನ್ನು ಬ್ಯಾಂಕಿಗೆ ಒಪ್ಪಿಸಿದ ಮೇಲೆ ‘ಫೈಲ್ ಲಾಗಿನ್ ಆಯಿತು’ ಎನ್ನುತ್ತಾರೆ. ಬೆಂಗಳೂರಿನ ಕಂಪನಿ ಕ್ಯಾಬ್‌ಗಳ ಚಾಲಕರು ನೌಕರರನ್ನು ಕೆಲಸಕ್ಕೆ ಕರೆತರುವ ಸುತ್ತನ್ನು ‘ಲಾಗಿನ್ ಟ್ರಿಪ್’ ಎಂದೂ ಮನೆಗೆ ಬಿಡುವ ಸುತ್ತನ್ನು ‘ಲಾಗೌಟ್ ಟ್ರಿಪ್’ ಎಂದೂ ಕರೆಯುತ್ತಾರೆ. ಆದರೂ ಈ ಮಾತಿನ ಅರ್ಥವೇನೆಂದು ಕೇಳಿದರೆ ಹೆಚ್ಚಿನವರು ‘ಒಳಗೆ ಹೋಗುವುದು’ ಎಂದು ಉತ್ತರಿಸುತ್ತಾರೆ. ಅದು ‘ಇನ್’ ಎಂಬ ಅರ್ಧಕ್ಕೆ ಮಾತ್ರ ಸಲ್ಲುವ ಉತ್ತರ. ಉಳಿದರ್ಧವಾದ ‘ಲಾಗ್’ ಎಂಬುದು ಏನೆಂದು ಗೊತ್ತಾದರೆ ಈ ಕ್ರಿಯಾಪದವನ್ನು ಬರೆಯುವುದರಲ್ಲಿ, ಬಳಸುವುದರಲ್ಲಿ, ಕನ್ನಡಕ್ಕೆ ತರುವುದರಲ್ಲಿ ಎದುರಾಗುವ ತೊಡಕುಗಳಲ್ಲಿ ಬಹುಪಾಲು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಒಂದು ಕ್ರಿಯಾಪದದ ಬೆನ್ನಿಗೆ ಇನ್, ಔಟ್, ಅಪ್, ಆಫ್ ಮೊದಲಾದ ಕಿರುಪದವೊಂದು ಅಂಟಿಕೊಂಡು, ಎರಡೂ ಕೂಡಿ ಹೊಸದೊಂದು ಅರ್ಥವನ್ನು ಹೊಮ್ಮಿಸುವ ರಚನೆಯನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ಶಾಲೆಯಲ್ಲಿ ಇವುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದೇ ರೂಢಿಯಾದ್ದರಿಂದ ಇವು ಇಂಗ್ಲಿಷಿಗೆ ಮಾತ್ರ ಮೀಸಲಾದ ವಿಚಿತ್ರಗಳೆಂಬ ಭಾವನೆ ನಮ್ಮಲ್ಲಿ ಉಳಿದುಬಿಡುತ್ತದೆ. ಆದರೆ ‘ಹಾಲು ಒಡೆದುಹೋಯಿತು’ ಎಂದಾಗ ಹಾಲು ಎಲ್ಲಿಗೂ ಹೋಗಿರುವುದಿಲ್ಲ. ‘ಮಗುವನ್ನು ನೋಡಿಕೋ’ ಎಂದವರಿಗೆ ಮಗುವನ್ನು ಬರಿದೆ ನೋಡುತ್ತ ಕುಳಿತರೆ ಸಮಾಧಾನವಾಗುವುದಿಲ್ಲ. ಈಗಷ್ಟೇ ಬರೆದ ‘ಉಳಿದುಬಿಡುತ್ತದೆ’ ಎಂಬಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ. ಹೋಗು, ಕೊಳ್ಳು, ಬಿಡು ಎಂಬ ನಮ್ಮ ಕ್ರಿಯಾಪದಗಳು ಸ್ವಂತ ಅರ್ಥವನ್ನು ಸವೆಸಿಕೊಂಡು ಹಿಂದಿನ ಕ್ರಿಯೆಗೆ ಊರುಗೋಲಾಗುವ ಹಾಗೆಯೇ ಇಂಗ್ಲಿಷಿನಲ್ಲಿ ಆ ಕಿರುಪದಗಳು ದುಡಿಯುತ್ತವೆ. ಆದ್ದರಿಂದ ಫ್ರೇಸಲ್ ವರ್ಬನ್ನು ಬಿಡಿಸುವವರು ಮೊದಲು ಮುಖ್ಯ ಕ್ರಿಯಾಪದವನ್ನು ಒಂಟಿಯಾಗಿ ಕೈಗೆತ್ತಿಕೊಂಡು ಅದರ ಹಳೆಯ ಅರ್ಥ ಯಾವುದೆಂದು ಹುಡುಕಬೇಕು. ಆ ಬಳಿಕ ಕಿರುಪದ ಅಲ್ಲಿ ಯಾವ ಕೆಲಸಕ್ಕೆ ನಿಂತಿದೆಯೆಂದು ನೋಡಬೇಕು. ಅರ್ಥಗಳು ಮೊದಲು ಕಾಣಿಸಿಕೊಂಡ ಕಾಲವನ್ನೂ ಕೊಡುವ ನಿಘಂಟನ್ನು ಆರಿಸಿಕೊಂಡು, ಅರ್ಥಗಳನ್ನು ಕಾಲಕ್ರಮದಲ್ಲಿ ಓದಿದರೆ ಒಂದರಿಂದ ಇನ್ನೊಂದು ಹೇಗೆ ಕವಲೊಡೆಯಿತೆಂಬುದು ಕಾಣುತ್ತದೆ.

ತಪ್ಪು ಬೇರನ್ನು ಮೊದಲು ಬದಿಗಿಡುವುದು

‘ಲಾಗ್’ ಎಂದೊಡನೆ ಪಿಯುಸಿಯಲ್ಲಿ ಓದಿದವರಿಗೆ ಲಾಗ್ ಟೇಬಲ್ ನೆನಪಾಗುತ್ತದೆ. ಅಲ್ಲಿರುವುದು ಲಾಗರಿದಮ್ ಎಂಬ ಪದದ ಮೊಟಕು ರೂಪ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲೋಕಕ್ಕೆ ತಿಳಿಸಿದ ಆ ಲೆಕ್ಕದ ಹೆಸರಿನಲ್ಲಿ ಗ್ರೀಕಿನ ‘ಲೋಗೋಸ್’ ಇದೆ. ಬಯಾಲಜಿ, ಜಿಯಾಲಜಿ ಮುಂತಾದ ಶಾಸ್ತ್ರನಾಮಗಳ ಬಾಲವೂ ಅದೇ ಗ್ರೀಕ್ ಪದದ ಸಂತತಿ. ಕಂಪ್ಯೂಟರ್ ಎಂಬುದು ಗಣಿತದ ಯಂತ್ರವಾದ್ದರಿಂದ ಅದರ ‘ಲಾಗ್’ ಕೂಡ ಲಾಗರಿದಮ್‌ನಿಂದಲೇ ಬಂದಿರಬೇಕೆಂದು ಊಹಿಸುವುದು ಸುಲಭ, ಆದರೆ ತಪ್ಪು. ನಮ್ಮ ‘ಲಾಗ್’ ಗ್ರೀಕ್ ಪಂಡಿತರ ಮನೆಯದಲ್ಲ. ಅದು ಮರ ಕಡಿಯುವವರ ಮಾತಿನ ‘ಲಾಗ್’, ಅಂದರೆ ದಿಮ್ಮಿ, ಮಲೆನಾಡಿನವರು ನಾಟಾ ಎನ್ನುವ ವಸ್ತು. ಪತ್ರಿಕೆಗಳಲ್ಲಿ ‘ಇಲ್ಲೀಗಲ್ ಲಾಗಿಂಗ್’ ಎಂದರೆ ಅಕ್ರಮ ಮರ ಕಡಿತ, ಕಾರ್ಖಾನೆಯಲ್ಲಿ ‘ಡೇಟಾ ಲಾಗಿಂಗ್’ ಎಂದರೆ ಅಂಕಿ ಅಂಶಗಳನ್ನು ದಾಖಲಿಸುವುದು. ಎರಡಕ್ಕೂ ತಾಯಿಬೇರು ಒಂದೇ ದಿಮ್ಮಿ. ಮರದ ತುಂಡಿಗೂ ಬರವಣಿಗೆಗೂ ನಂಟು ಬೆಸೆದದ್ದು ಸಮುದ್ರದ ಮೇಲೆ.

ಕಡಲಿಗೆ ಎಸೆದ ಹಲಗೆ

ದಡ ಕಣ್ಮರೆಯಾದ ಮೇಲೆ ಹಡಗು ಎಷ್ಟು ವೇಗದಲ್ಲಿ ಸಾಗುತ್ತಿದೆಯೆಂದು ತಿಳಿಯುವುದು ಹಾಯಿಹಡಗಿನವರಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು, ಏಕೆಂದರೆ ವೇಗವೂ ದಿಕ್ಕೂ ಕಳೆದ ಹೊತ್ತೂ ಗೊತ್ತಿದ್ದರೆ ಮಾತ್ರ ತಾವು ಎಲ್ಲಿದ್ದೇವೆಂದು ನಕ್ಷೆಯ ಮೇಲೆ ಗುರುತು ಹಾಕಲು ಸಾಧ್ಯವಿತ್ತು. ನೀರಿನ ಮೇಲೆ ಮೈಲಿಗಲ್ಲುಗಳಿಲ್ಲ. ಅದಕ್ಕಾಗಿ ನಾವಿಕರು ಕಂಡುಕೊಂಡ ಸರಳ ಉಪಾಯವೆಂದರೆ ಹಡಗಿನ ಮೂತಿಯ ಬಳಿ ಮರದ ತುಂಡೊಂದನ್ನು ನೀರಿಗೆ ಹಾಕಿ, ಹಡಗು ಅದನ್ನು ದಾಟಿ ಮುಂದೆ ಹೋಗಲು ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುವುದು. ಮರದ ತುಂಡಿಗೆ ಹಗ್ಗ ಕಟ್ಟಿ ಹಿಂಬದಿಯಿಂದ ಬಿಡುವುದು ಇದರ ಮುಂದಿನ ಹೆಜ್ಜೆ. ಇಂಥ ಸಾಧನವನ್ನು ಇಂಗ್ಲೆಂಡಿನ ವಿಲಿಯಂ ಬೋರ್ನ್ 1574ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ವರ್ಣಿಸಿದ್ದಾನೆ.

ಸಾಧನವು ಪಕ್ವಗೊಂಡ ಕಾಲಕ್ಕೆ ಅದರ ಮರದ ತುಂಡು ದಿಮ್ಮಿಯಾಗಿ ಉಳಿದಿರಲಿಲ್ಲ. ಕಾಲು ವೃತ್ತದ ಆಕಾರದ ತೆಳು ಹಲಗೆಯಾಗಿತ್ತು. ನೀರಿನಲ್ಲಿ ನೆಟ್ಟಗೆ ನಿಲ್ಲಲೆಂದು ಅದರ ಬಾಗಿದ ಅಂಚಿಗೆ ಸೀಸವನ್ನು ತುಂಬುತ್ತಿದ್ದರು. ನೆಟ್ಟಗೆ ನಿಂತ ಹಲಗೆ ನೀರನ್ನು ಕಚ್ಚಿಕೊಂಡಂತೆ ಇದ್ದಲ್ಲಿಯೇ ಇರುತ್ತದೆ, ಹಡಗು ಮುಂದೆ ಸಾಗುತ್ತದೆ, ಹಲಗೆಗೆ ಕಟ್ಟಿದ ಹಗ್ಗ ರಾಟೆಯಿಂದ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಈ ಕೆಲಸಕ್ಕೆ ಮೂವರು ಬೇಕಾಗುತ್ತಿತ್ತು: ರಾಟೆಯನ್ನು ಎತ್ತಿ ಹಿಡಿಯುವವನೊಬ್ಬ, ಮರಳುಗಡಿಯಾರ ಹಿಡಿಯುವವನೊಬ್ಬ, ಹಲಗೆಯನ್ನೆಸೆದು ಹಗ್ಗವನ್ನು ಬೆರಳ ನಡುವೆ ಹರಿಯಬಿಡುವವನೊಬ್ಬ. ಹಡಗಿನ ಹಿಂದೆ ಕದಡಿದ ನೀರನ್ನು ಹಲಗೆ ದಾಟಲೆಂದು ಮೊದಲಷ್ಟು ಹಗ್ಗವನ್ನು ಲೆಕ್ಕವಿಲ್ಲದೆ ಬಿಡುತ್ತಿದ್ದರು. ಆ ಭಾಗ ಮುಗಿಯಿತೆಂದು ಸೂಚಿಸುವ ಬಟ್ಟೆಯ ಚಿಂದಿ ಕೈಗೆ ತಾಗಿದೊಡನೆ ‘ತಿರುಗಿಸು’ ಎಂಬ ಕೂಗು, ಮರಳು ಇಳಿದು ಮುಗಿದೊಡನೆ ‘ನಿಲ್ಲಿಸು’ ಎಂಬ ಕೂಗು. ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿರುತ್ತಿದ್ದರಿಂದ ಅಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈ ದಾಟಿತೋ ಅದೇ ಹಡಗಿನ ವೇಗ. ಆಮೇಲೆ ಹಗ್ಗವನ್ನು ಜಗ್ಗಿದರೆ ಹಲಗೆಯ ಬೆಣೆಯೊಂದು ಕಳಚಿಕೊಂಡು, ಹಲಗೆ ಮಲಗಿ, ಸುಲಭವಾಗಿ ಹಡಗಿಗೆ ಎಳೆದುಕೊಳ್ಳಲು ಬರುತ್ತಿತ್ತು.

ಗಂಟುಗಳ ಎಣಿಕೆ ನೇರವಾಗಿ ವೇಗವಾಗುವುದರ ಗುಟ್ಟು ಅನುಪಾತದಲ್ಲಿದೆ. ಮರಳುಗಡಿಯಾರ 28 ಸೆಕೆಂಡಿನದಾದರೆ ಎರಡು ಗಂಟುಗಳ ನಡುವೆ 47 ಅಡಿ 3 ಅಂಗುಲ, ಅಂದರೆ ಸುಮಾರು 14.4 ಮೀಟರ್ ಅಂತರವಿರುತ್ತಿತ್ತು. ಒಂದು ಗಂಟೆಯಲ್ಲಿರುವ 3600 ಸೆಕೆಂಡುಗಳನ್ನು 28ರಿಂದ ಭಾಗಿಸಿ, ಬಂದದ್ದನ್ನು 14.4ರಿಂದ ಗುಣಿಸಿ ನೋಡಿದರೆ ಸುಮಾರು 1851 ಮೀಟರ್ ಬರುತ್ತದೆ. ಇಂದು ಒಂದು ನಾಟಿಕಲ್ ಮೈಲಿಗೆ ಗೊತ್ತುಪಡಿಸಿರುವ ಅಳತೆ 1852 ಮೀಟರ್. ಎಂದರೆ ಒಂದು ಗಂಟು ಕೈ ದಾಟಿದ ಹಡಗು ಗಂಟೆಗೆ ಒಂದು ನಾಟಿಕಲ್ ಮೈಲಿಯಂತೆ ಸಾಗುತ್ತಿದೆ. ‘ನಾಟ್’ ಎಂಬ ವೇಗದ ಮಾನ ಹುಟ್ಟಿದ್ದು ಈ ಗಂಟಿನಿಂದಲೇ. ಆ ಮಾನದೊಳಗೆ ಗಂಟೆ ಆಗಲೇ ಅಡಗಿರುವುದರಿಂದ ಚಂಡಮಾರುತದ ಸುದ್ದಿಯಲ್ಲಿ ಆಗಾಗ ಕಾಣುವ ‘ಗಂಟೆಗೆ 50 ನಾಟ್ ವೇಗ’ ಎಂಬ ಬರಹ ಸರಿಯಲ್ಲ. ‘50 ನಾಟ್ ವೇಗ’ ಎಂದಷ್ಟೇ ಬರೆಯಬೇಕು.

ಇನ್ನು ಬರವಣಿಗೆ. ಪ್ರತಿ ಸಲ ಅಳೆದ ವೇಗವನ್ನು ಮೊದಲು ಕಪ್ಪು ಬಳಿದ, ಪುಸ್ತಕದಂತೆ ಮಡಚುವ ಜೋಡಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಆಮೇಲೆ ಪುಸ್ತಕಕ್ಕೆ ಏರಿಸುತ್ತಿದ್ದರು. ಗಂಟೆ, ನಾಟ್, ದಿಕ್ಕು, ಗಾಳಿ, ಷರಾ ಎಂದು ಕಂಬಸಾಲುಗಳನ್ನು ಎಳೆದ ಆ ಪುಸ್ತಕಕ್ಕೆ ಲಾಗ್‌ನ ಅಂಕಿಗಳನ್ನು ಬರೆಯುವ ಪುಸ್ತಕವೆಂಬ ಕಾರಣದಿಂದ ‘ಲಾಗ್ ಬುಕ್’ ಎಂಬ ಹೆಸರು ಬಂತು. 17ನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಈ ಹೆಸರು ಬಳಕೆಯಲ್ಲಿತ್ತು. 19ನೆಯ ಶತಮಾನದ ಮೊದಲರ್ಧದಲ್ಲಿ ಎರಡು ಸಂಗತಿಗಳು ನಡೆದವು. ಒಂದು, ‘ಬುಕ್’ ಕಳಚಿಹೋಗಿ ‘ಲಾಗ್’ ಎಂದರೇ ದಾಖಲೆ ಎಂದಾಯಿತು. ಎರಡು, ‘ಲಾಗ್’ ನಾಮಪದವಾಗಿಯೇ ಉಳಿಯದೆ ‘ದಾಖಲಿಸು’ ಎಂಬ ಕ್ರಿಯಾಪದವೂ ಆಯಿತು. ಹಲಗೆ, ಹಗ್ಗ, ಸೀಸ ಎಲ್ಲವೂ ಮುಂದೆ ಹಡಗಿನಿಂದ ಮರೆಯಾದವು. ಹೆಸರು ಮಾತ್ರ ಪುಸ್ತಕಕ್ಕೆ ಅಂಟಿಕೊಂಡು ದಡಕ್ಕೆ ಬಂತು. ನಮ್ಮ ಸರ್ಕಾರಿ ಜೀಪಿನ ಚಾಲಕರು ಹೊರಟ ಸ್ಥಳ, ತಲಪಿದ ಸ್ಥಳ, ಓಡಿದ ಕಿಲೋಮೀಟರು ಬರೆದು ಅಧಿಕಾರಿಯ ಸಹಿ ಪಡೆಯುವ ಲಾಗ್ ಪುಸ್ತಕವಾಗಲಿ, ವಿದ್ಯುತ್ ಉಪಕೇಂದ್ರದಲ್ಲಿ ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ತುಂಬುವ ಲಾಗ್ ಪುಸ್ತಕವಾಗಲಿ ಆ ಕಡಲ ಪುಸ್ತಕದ ಮೊಮ್ಮಕ್ಕಳು. ಅಂತರ್ಜಾಲದ ‘ಬ್ಲಾಗ್’ ಕೂಡ ಇದೇ ಮನೆತನದ್ದು: 1997ರಲ್ಲಿ ಜಾರ್ನ್ ಬಾರ್ಗರ್ ಬಳಕೆಗೆ ತಂದ ‘ವೆಬ್‌ಲಾಗ್’ ಎಂಬ ಪದವನ್ನು 1999ರಲ್ಲಿ ಪೀಟರ್ ಮೆರ್ಹೋಲ್ಜ್ ವಿನೋದಕ್ಕಾಗಿ ‘ವೀ ಬ್ಲಾಗ್’ ಎಂದು ಬೇರೆಡೆ ಒಡೆದದ್ದರಿಂದ ಅದು ಹುಟ್ಟಿತು.

‘ಇನ್’ ಸೇರಿಕೊಂಡದ್ದು ಏಕೆ

ಕಂಪ್ಯೂಟರ್ ಎಂಬುದು ಒಂದು ಕೋಣೆಯನ್ನೇ ತುಂಬುತ್ತಿದ್ದ ಕಾಲದಲ್ಲಿ ಅದರ ಮುಂದೆ ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರ ಸರದಿ ಬರುತ್ತಿತ್ತು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಪ್ರದರ್ಶಿಸಿದ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಈ ಕ್ರಮವನ್ನು ಬದಲಿಸಿತು. ಹಲವರು ಬೇರೆ ಬೇರೆ ಟರ್ಮಿನಲ್‌ಗಳ ಮುಂದೆ ಕುಳಿತು ಒಂದೇ ಯಂತ್ರದ ಸಮಯವನ್ನು ಹಂಚಿಕೊಳ್ಳತೊಡಗಿದರು. ಹಂಚಿಕೆ ಎಂದ ಮೇಲೆ ಲೆಕ್ಕ ಬೇಕು. ಯಾರು ಬಂದರು, ಯಾವ ಹೊತ್ತಿಗೆ ಬಂದರು, ಎಷ್ಟು ಸಮಯ ಬಳಸಿದರು ಎಂಬುದನ್ನು ಯಂತ್ರ ತನ್ನ ಕಡತದಲ್ಲಿ ಬರೆದುಕೊಳ್ಳಬೇಕಾಯಿತು. ಆದ್ದರಿಂದ ಕೆಲಸ ಆರಂಭಿಸುವವರು ಕೊಡಬೇಕಾದ ಆಜ್ಞೆಗೆ ‘ಲಾಗಿನ್’ ಎಂದೂ, ಮುಗಿಸುವವರು ಕೊಡಬೇಕಾದ ಆಜ್ಞೆಗೆ ‘ಲಾಗೌಟ್’ ಎಂದೂ ಹೆಸರಾಯಿತು. 1963ರಲ್ಲಿ ಪ್ರಕಟವಾದ ಆ ವ್ಯವಸ್ಥೆಯ ಕೈಪಿಡಿಯಲ್ಲಿ ಈ ಪದಗಳಿವೆ. ಅಂದರೆ ಇಲ್ಲಿ ನಡೆಯುವ ಮೂಲ ಕ್ರಿಯೆ ಬಾಗಿಲು ತೆರೆಯುವುದಲ್ಲ, ಪುಸ್ತಕದಲ್ಲಿ ಒಂದು ಸಾಲು ಬರೆಯುವುದು. ಬಾಗಿಲಿಗೆ ಬೀಗದಂತೆ ಇರುವ ಪಾಸ್‌ವರ್ಡ್ ಕೂಡ ಅದೇ ವ್ಯವಸ್ಥೆಯಲ್ಲಿ ಬಂತು, ಆದರೆ ಅದರ ಕೆಲಸವೂ ಒಬ್ಬರ ಪಾಲಿನ ಸಮಯವನ್ನು ಇನ್ನೊಬ್ಬರು ಬಳಸದಂತೆ, ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈ ಹಾಕದಂತೆ ತಡೆಯುವುದೇ ಆಗಿತ್ತು. ವಾರಕ್ಕೆ 4 ಗಂಟೆಯ ಪಾಲು ಸಾಲದೆ ಅಲನ್ ಷೆರ್ ಎಂಬ ಸಂಶೋಧನಾ ವಿದ್ಯಾರ್ಥಿ 1962ರಲ್ಲಿ ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡು, ಇತರರ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮುಂದುವರಿಸಿದುದನ್ನು ಬಹಳ ವರ್ಷಗಳ ಮೇಲೆ ತಾನೇ ಹೇಳಿಕೊಂಡಿದ್ದಾನೆ. ಪಾಸ್‌ವರ್ಡಿನಷ್ಟೇ ಪಾಸ್‌ವರ್ಡಿನ ಕಳವೂ ಹಳೆಯದು.

‘ಇನ್’ ಇಲ್ಲಿಗೆ ಒಂಟಿಯಾಗಿ ಬಂದುದಲ್ಲ. ಆಗಮನವನ್ನು ದಾಖಲಿಸುವ ಕ್ರಿಯಾಪದಗಳ ಒಂದು ಕುಟುಂಬವೇ ಇಂಗ್ಲಿಷಿನಲ್ಲಿದೆ: ಹೋಟೆಲಿನಲ್ಲಿ ‘ಚೆಕ್ ಇನ್’, ಸಂದರ್ಶಕರ ಪುಸ್ತಕದಲ್ಲಿ ‘ಸೈನ್ ಇನ್’, ಕಾರ್ಖಾನೆಯ ಬಾಗಿಲಿನಲ್ಲಿ ‘ಕ್ಲಾಕ್ ಇನ್’ ಅಥವಾ ‘ಪಂಚ್ ಇನ್’. ಎಲ್ಲದರಲ್ಲಿಯೂ ಮುಂದಿರುವ ಕ್ರಿಯಾಪದ ಗುರುತು ಮಾಡುವ ವಿಧಾನವನ್ನೂ ಹಿಂದಿರುವ ‘ಇನ್’ ಆ ಗುರುತು ಯಾವುದಕ್ಕೆಂಬುದನ್ನೂ ಹೇಳುತ್ತವೆ. ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಆಭರಣ ವ್ಯಾಪಾರಿ ವಿಲ್ಲಾರ್ಡ್ ಬಂಡಿ 1888ರಲ್ಲಿ ನೌಕರರ ಆಗಮನದ ಸಮಯವನ್ನು ಅಚ್ಚೊತ್ತುವ ಗಡಿಯಾರವನ್ನು ರೂಪಿಸಿದ. ಆ ಉದ್ಯಮ ಕೈ ಬದಲಿಸುತ್ತ ಹೋಗಿ ಕಡೆಗೆ ಐಬಿಎಂ ಆದ ಸಂಸ್ಥೆಯಲ್ಲಿ ಸೇರಿತು. ಸಿಟಿಎಸ್ಎಸ್ ಓಡಿದ್ದು ಅದೇ ಐಬಿಎಂನ ಯಂತ್ರದ ಮೇಲೆ. ‘ಕ್ಲಾಕ್ ಇನ್’ ಮತ್ತು ‘ಲಾಗ್ ಇನ್’ ಒಂದೇ ಸೂರಿನಡಿ ಕೂಡಿದ್ದು ಕಾಕತಾಳೀಯವೇ ಇರಬಹುದು, ಆದರೂ ಹೇಳದೆ ಇರಲಾಗಲಿಲ್ಲ.

ದೂರದ ಎರಡು ಕಂಪ್ಯೂಟರುಗಳ ನಡುವೆ, ಇಂದಿನ ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಹರಿದ ಮೊದಲ ಸಂದೇಶವೂ ಇದೇ ಪದ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲಿಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ಲಾಗಿನ್ ಆಗಲೆಂದು ಆ ಪದವನ್ನು ಟೈಪಿಸತೊಡಗಿದಾಗ, ಎಲ್ ಮತ್ತು ಓ ಎಂಬ ಎರಡು ಅಕ್ಷರಗಳು ತಲಪುವಷ್ಟರಲ್ಲಿ ವ್ಯವಸ್ಥೆ ಕುಸಿಯಿತು. ಸುಮಾರು ಒಂದು ಗಂಟೆಯ ಬಳಿಕ ಪೂರ್ತಿ ಪದ ದಾಟಿತು.

ಬಳಸುವಾಗ ಎಡವುವ ತಾಣಗಳು

ಇಂಗ್ಲಿಷಿನಲ್ಲಿ ಬರೆಯುವಾಗ ಕ್ರಿಯಾಪದವಾದರೆ ಎರಡು ಪದ, ನಾಮಪದ ಅಥವಾ ವಿಶೇಷಣವಾದರೆ ಕೂಡಿಸಿದ ಒಂದೇ ಪದ. ಯಾವುದನ್ನು ಬರೆಯಬೇಕೆಂದು ತೋಚದಿದ್ದರೆ ವಾಕ್ಯವನ್ನು ಭೂತಕಾಲಕ್ಕೆ ತಿರುಗಿಸಿ ನೋಡಬೇಕು: ‘ಲಾಗ್ಡ್ ಇನ್’ ಎಂದು ಬದಲಾಯಿಸಲು ಬಂದರೆ ಅದು ಕ್ರಿಯಾಪದ, ಬಿಡಿಸಿ ಬರೆಯಬೇಕು, ‘ಲಾಗಿನ್ ಪೇಜ್’ ಎಂಬಂಥ ಕಡೆ ಹಾಗೆ ಬದಲಾಯಿಸಲು ಬರುವುದಿಲ್ಲ, ಕೂಡಿಸಿ ಬರೆಯಬೇಕು. ಕಾಲಸೂಚಕ ಪ್ರತ್ಯಯ ಅಂಟುವುದು ಮುಖ್ಯ ಕ್ರಿಯಾಪದಕ್ಕೇ ಹೊರತು ಕಿರುಪದಕ್ಕಲ್ಲವಾದ್ದರಿಂದ ಕಚೇರಿಯ ಇಮೇಲುಗಳಲ್ಲಿ ಆಗಾಗ ಕಾಣುವ ‘ಲಾಗಿನ್ಡ್’ ಎಂಬ ರೂಪ ಇಂಗ್ಲಿಷಿನಲ್ಲಿ ಇಲ್ಲ. ‘ನನ್ನನ್ನು’ ಎಂಬರ್ಥದ ಸರ್ವನಾಮ ಬಂದರೆ ಅದು ಎರಡರ ನಡುವೆ ಕೂರುತ್ತದೆ: ‘ಲಾಗ್ ಮೀ ಇನ್’ ಸರಿ, ‘ಲಾಗ್ ಇನ್ ಮೀ’ ತಪ್ಪು. ‘ಇನ್’ ಕ್ರಿಯಾಪದದ ಅಂಗವೇ ಆಗಿರುವುದರಿಂದ ‘ಟು’ ಎಂಬುದನ್ನು ಅದಕ್ಕೆ ಅಂಟಿಸದೆ ‘ಲಾಗ್ ಇನ್ ಟು’ ಎಂದು ಮೂರು ಪದಗಳಾಗಿ ಬರೆಯುವುದು ಕಟ್ಟುನಿಟ್ಟಿನ ಕ್ರಮ. ‘ಇನ್‌ಟು’ ಎಂದು ಕೂಡಿಸಿದ ರೂಪವೂ ಈಗ ಎಲ್ಲೆಡೆ ಬಳಕೆಯಲ್ಲಿದೆ, ಅದಕ್ಕಾಗಿ ಯಾರನ್ನೂ ತಿದ್ದಹೋಗಬೇಕಾಗಿಲ್ಲ. ಇನ್‌ಗೆ ಜೋಡಿ ಔಟ್, ಅದೇ ಅರ್ಥದಲ್ಲಿ ಬಳಸುವ ‘ಲಾಗ್ ಆನ್’ ಎಂಬುದರ ಆನ್‌ಗೆ ಜೋಡಿ ಆಫ್. ಒಂದೇ ಬರಹದಲ್ಲಿ ಎರಡು ಜೋಡಿಗಳನ್ನು ಬೆರೆಸದಿದ್ದರೆ ಸಾಕು.

ಹೆಚ್ಚು ಗೊಂದಲ ಉಂಟುಮಾಡುವುದು ‘ರಿಜಿಸ್ಟರ್’ ಅಥವಾ ‘ಸೈನ್ ಅಪ್’ ಎಂಬುದರೊಂದಿಗಿನ ವ್ಯತ್ಯಾಸ. ಹೊಸ ಜಾಲತಾಣದ ಮುಂದೆ ಕುಳಿತ ಹಿರಿಯರು ಎಂದೂ ಖಾತೆ ತೆರೆಯದೆಯೇ ಲಾಗಿನ್ ಪುಟದಲ್ಲಿ ಹೆಸರು ತುಂಬಿ ‘ಒಳಗೆ ಬಿಡುತ್ತಿಲ್ಲ’ ಎಂದು ಬೇಸರಪಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಪುಸ್ತಕದ ಚಿತ್ರವನ್ನು ಅವರ ಮುಂದಿಟ್ಟರೆ ಬೇಗ ತಿಳಿಯುತ್ತದೆ: ಶಾಲೆಗೆ ಸೇರಿದ ದಿನ ದಾಖಲಾತಿ ಪುಸ್ತಕದಲ್ಲಿ ಒಂದೇ ಸಲ ಹೆಸರು ಬರೆಸುವುದು ರಿಜಿಸ್ಟರ್, ಆಮೇಲೆ ದಿನವೂ ಹಾಜರಿ ಕೂಗಿದಾಗ ‘ಬಂದಿದ್ದೇನೆ’ ಎನ್ನುವುದು ಲಾಗ್ ಇನ್. ದಾಖಲಾತಿ ಪುಸ್ತಕದಲ್ಲಿ ಇಲ್ಲದ ಹೆಸರನ್ನು ಹಾಜರಿಯಲ್ಲಿ ಯಾರೂ ಕೂಗುವುದಿಲ್ಲ. ಸೈಬರ್ ಕೇಂದ್ರದ ಕಂಪ್ಯೂಟರಿನಲ್ಲಿ ಕಿಟಕಿಯನ್ನು ಮುಚ್ಚಿ ಎದ್ದುಬಂದರೆ ಸಾಲದು, ಲಾಗೌಟ್ ಆಗಲೇಬೇಕು ಎಂಬುದನ್ನೂ ಇದೇ ಚಿತ್ರ ವಿವರಿಸುತ್ತದೆ. ಪುಸ್ತಕದಲ್ಲಿ ‘ಹೋದರು’ ಎಂಬ ಸಾಲು ಬೀಳುವವರೆಗೂ ಯಂತ್ರದ ಲೆಕ್ಕದಲ್ಲಿ ನೀವು ಒಳಗೇ ಇರಬಹುದು, ನಿಮ್ಮ ಕುರ್ಚಿಯಲ್ಲಿ ಮುಂದೆ ಕೂರುವವರಿಗೆ ನಿಮ್ಮ ಖಾತೆ ತೆರೆದೇ ಸಿಗಬಹುದು.

ಕನ್ನಡದ ವಾಕ್ಯದಲ್ಲಿ ‘ಲಾಗಿನ್ ಆಗು’ ಮತ್ತು ‘ಲಾಗಿನ್ ಮಾಡು’ ಎರಡೂ ನಡೆಯುತ್ತವೆ, ಆದರೆ ಎರಡೂ ಒಂದೇ ಅಲ್ಲ. ಬರುವವರು ತಾವೇ ಆದಾಗ ‘ನಾನು ಲಾಗಿನ್ ಆದೆ’ ಎಂಬುದು ಸಹಜ. ಇನ್ನೊಬ್ಬರ ಪರವಾಗಿ ಅಥವಾ ವಸ್ತುವಿನ ವಿಷಯದಲ್ಲಿ ‘ಫೈಲನ್ನು ಲಾಗಿನ್ ಮಾಡಿದೆ’ ಎಂಬುದು ಸಹಜ. ಪೂರ್ತಿ ಕನ್ನಡದ ಪದವೇ ಬೇಕೆನ್ನುವವರು ‘ಪ್ರವೇಶಿಸಿ’, ‘ಒಳಬನ್ನಿ’ ಎಂದು ಬರೆಯುತ್ತಾರೆ. ಓದಲು ಹಿತವಾಗಿದ್ದರೂ ಇವು ‘ಇನ್’ ಎಂಬುದರ ಅನುವಾದ ಮಾತ್ರ. ಬರೆದುಕೊಳ್ಳುವ ಸುಳಿವು ಇವುಗಳಲ್ಲಿ ಉಳಿದಿಲ್ಲ. ಎರಡೂ ಅರ್ಥಗಳನ್ನು ಹೊತ್ತ ಪದವೊಂದು ನಮ್ಮ ಕೈಯಳತೆಯಲ್ಲೇ ಇದೆ: ‘ದಾಖಲಾಗು’. ಅರಬ್ಬಿಯಲ್ಲಿ ‘ಒಳಹೋಗು’ ಎಂಬರ್ಥದ ಧಾತುವಿನಿಂದ ಹುಟ್ಟಿ ನಮ್ಮ ಕಚೇರಿಗಳಿಗೆ ಬಂದ ಆ ಪದ ‘ಆಸ್ಪತ್ರೆಗೆ ದಾಖಲಾದರು’ ಎಂಬಲ್ಲಿ ಇನ್ನೂ ಒಳಹೋಗುವ ಅರ್ಥವನ್ನು ಉಳಿಸಿಕೊಂಡಿದೆ, ‘ದಾಖಲೆ’ ಎಂಬಲ್ಲಿ ಬರಹದ ಅರ್ಥಕ್ಕೆ ದಾಟಿದೆ. ‘ಲಾಗ್ ಇನ್’ ಬರಹದಿಂದ ಹೊರಟು ಒಳಹೋಗುವಿಕೆಗೆ ತಲಪಿದರೆ, ‘ದಾಖಲು’ ಒಳಹೋಗುವಿಕೆಯಿಂದ ಹೊರಟು ಬರಹಕ್ಕೆ ತಲಪಿತು. ಆದರೂ ಬ್ಯಾಂಕಿನ ಆ್ಯಪ್‌ನಲ್ಲಿ ‘ದಾಖಲಾಗಿ’ ಎಂಬ ಗುಂಡಿ ಕಂಡರೆ ನಾವು ಮೊದಲು ನೆನೆಯುವುದು ಆಸ್ಪತ್ರೆಯನ್ನೇ. ಅದರಿಂದಾಗಿಯೇ ಸದ್ಯಕ್ಕೆ ನಾನೂ ನನ್ನ ಕನ್ನಡ ವಾಕ್ಯಗಳಲ್ಲಿ ‘ಲಾಗಿನ್ ಆಗಿ’ ಎಂದೇ ಬರೆಯುತ್ತಿದ್ದೇನೆ.